ತಲುಪಿದವರು: ಇಬ್ಬರು

ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆಯ ಸಾಫ್ಟ್‌ವೇರ್ ನೋಡಿಕೊಳ್ಳುವವನು ನಾನು. ಅದರಲ್ಲೊಂದು ತೂತಿತ್ತು. ರೋಗಿಯ ಹೆಸರು ಬರೆದು, ಎಂಟರ್ ಒತ್ತಿ, ಕೆಳಗಿನ ಸಾಲಿನಲ್ಲಿ ಯಾರದೇ ಇಮೇಲ್ ವಿಳಾಸ ಸೇರಿಸಿದರೆ ಸಾಕು, ಆ ರೋಗಿಗೆ ಆಸ್ಪತ್ರೆ ಕಳಿಸುವ ಪತ್ರ ಗುಟ್ಟಾಗಿ ಅವರಿಗೂ ಹೋಗುತ್ತಿತ್ತು.

ಭಾನುವಾರ ಮಧ್ಯಾಹ್ನ ಒಬ್ಬನೇ ಕೂತು ಪರೀಕ್ಷಿಸಿದೆ. ಬದುಕಿರುವವರ ದಾಖಲೆ ಮುಟ್ಟಿದರೆ ರಂಪವಾಗುತ್ತದೆ. ಹೋದ ವರ್ಷ ಇಲ್ಲೇ ತೀರಿಕೊಂಡ ಅಮ್ಮನದನ್ನು ತೆರೆದೆ. ಅವಳಾದರೆ ದೂರು ಕೊಡುವುದಿಲ್ಲವಲ್ಲ. ಅವಳ ಇಮೇಲ್ ವಿಳಾಸ ಅಳಿಸಿ, ಹೆಸರಿನ ಕೆಳಗೆ ನನ್ನದೊಂದನ್ನೇ ಸೇರಿಸಿ ಕಳಿಸಿದೆ. 'ಸೋಮವಾರ ಹತ್ತಕ್ಕೆ ತಪಾಸಣೆಗೆ ಬನ್ನಿ' ಎಂಬ ಪತ್ರ ನನಗೆ ಬಂತು. ಪರದೆ ಮಾತ್ರ 'ತಲುಪಿದವರು: ಇಬ್ಬರು' ಎಂದಿತು. ಕೋಣೆಯಲ್ಲಿ ಅವಳ ನೋವಿನೆಣ್ಣೆಯ ವಾಸನೆ ಸುಳಿಯಿತು. ತೂತು ಮುಚ್ಚಿ ಮನೆಗೆ ಹೋದೆ.

ಸೋಮವಾರ ಸಂಜೆ ಹೊರಡುವಾಗ ರಿಸೆಪ್ಷನ್ ಅಕ್ಕ ಕರೆದರು.

"ಒಬ್ರು ಅಜ್ಜಿ ಬೆಳಿಗ್ಗೆ ಹತ್ತಕ್ಕೇ ಬಂದು ಕೂತಿದ್ರಪ್ಪ. ಲಿಸ್ಟಲ್ಲಿ ಹೆಸರಿರ್ಲಿಲ್ಲ. ಒಳಗೆ ಕೇಳ್ಲಾ ಅಂದ್ರೆ, 'ಬೇಡಮ್ಮ, ಮಗ ಇಲ್ಲೇ ಕೆಲ್ಸ ಮಾಡ್ತಾನೆ, ಬಿಡುವಾದಾಗ ಕರೀತಾನೆ' ಅಂದ್ರು. ಈಗಷ್ಟೇ ಎದ್ದು ಹೋದ್ರು."

ಅವರು ಕೂತಿದ್ದ ಕುರ್ಚಿಯ ಮೇಲೆ ಪತ್ರವಿತ್ತು, ಅಮ್ಮ ಮಡಿಸುತ್ತಿದ್ದಂತೆ ನಾಲ್ಕು ಮಡಿಕೆ. ಒಳಗೆ ಅವಳ ಹೆಸರು, ಅದರ ಕೆಳಗೆ ನನ್ನ ವಿಳಾಸ. ಎಣ್ಣೆಯ ಕಲೆ ಇನ್ನೂ ಹಸಿಯಾಗಿತ್ತು.

ಆ ಕುರ್ಚಿಗೂ ನನ್ನ ಮೇಜಿಗೂ ನಡುವೆ ಇರುವುದು ಒಂದೇ ಬಾಗಿಲು. ದಿನವಿಡೀ ಅದು ತೆರೆದೇ ಇತ್ತು.