ಅಂಕಿತಾಳ ಮಂಚದ ಪಕ್ಕದ ಗೋಡೆ

ಮನೆಗಳ ತೇವ, ಬೂಷ್ಟು ಪರೀಕ್ಷಿಸೋದು ನನ್ನ ಕೆಲಸ. ಹೋದ ಬೇಸಿಗೆಯಲ್ಲಿ ದಾವಣಗೆರೆ ವಿದ್ಯಾನಗರದ ಉಮಾಮಹೇಶ್ವರಿ ಅವರು ಕರೆಸಿದರು. ಅವರ ಪುಟ್ಟ ಮಗಳು ಅಂಕಿತಾಗೆ ಕೆಮ್ಮು ಬಿಡುತ್ತಿರಲಿಲ್ಲ. ಅವಳ ಮಂಚದ ಪಕ್ಕದ ಗೋಡೆಗೆ ಕಪ್ಪು ಬೂಷ್ಟು ಹಿಡಿದಿತ್ತು.

ತೇವ ಅಳೆಯೋ ಮೀಟರ್ ಇಟ್ಟು ನೋಡಿದೆ. ಗೋಡೆ ಪೂರ್ತಿ ಒಣಗಿತ್ತು. ಎಲ್ಲೂ ಸೋರಿಕೆಯಿಲ್ಲ. ಅಂಗೈ ಇಟ್ಟರೆ ಮಾತ್ರ ಜ್ವರದ ಮೈಯಂತೆ ಬಿಸಿ. ಮಗು ಕೆಮ್ಮಿದಾಗ ಗೋಡೆಯೊಳಗೆ ಯಾರೋ ಉಸಿರೆಳೆದಂಥ ಸದ್ದು.

"ಏನಾದ್ರೂ ಮಾಡ್ರಿ," ಎಂದರು ತಾಯಿ.

ಗಾರೆ ಕೆತ್ತಿಸಿ ಹೊಸದಾಗಿ ಮೆತ್ತಿಸಿದೆ. ಅದು ಒಣಗುವ ಮೊದಲೇ ಬೂಷ್ಟು ಮತ್ತೆ ಮೂಡಿತು.

"ಮನೆ ಬಿಟ್ಟುಬಿಡ್ರಿ ಅಮ್ಮಾ," ಅಂದೆ. ಬೇರೇನೂ ತೋಚಲಿಲ್ಲ.

ಅವರು ಹರಿಹರಕ್ಕೆ ಹೋದರು. ನಿನ್ನೆ ಫೋನ್ ಮಾಡಿದ್ದರು. "ಕೆಮ್ಮು ನಿಂತೈತ್ರಿ, ಇಲ್ಲಿ ಗೋಡೆನೂ ಚೊಕ್ಕ ಐತೆ. ಆದ್ರೆ ಅಂಕಿತಾ ದಿನಾ ಗೋಡೆಗೆ ಕಿವಿಯಿಟ್ಟು, 'ಅದಿನ್ನೂ ಬಂದಿಲ್ಲಮ್ಮಾ, ದಾರೀಲಿ ಐತೆ' ಅಂತಾಳೆ."