ನೂರ ಎಪ್ಪತ್ನಾಲ್ಕು ತೂತು

ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಗುರಿಕಾರರ ಸಂಘದ ಕಾರ್ಯದರ್ಶಿ ಠಾಣೆಯ ಮೆಟ್ಟಿಲು ಹತ್ತಿದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಎರಡು ಪುಟದ ದೂರು, ಕಂಕುಳಲ್ಲಿ ಬಟ್ಟೆ ಹೊದಿಸಿದ ಹಳೆಯ ಪುಸ್ತಕ. ಪುಸ್ತಕವನ್ನು ಮೇಜಿನ ಮೇಲೆ ಇಡುವಾಗ ಅವನು ಅದರ ಮೂಲೆಯನ್ನು ಬೆರಳಿನಿಂದ ಸರಿಮಾಡಿದ್ದನ್ನು ಇನ್‌ಸ್ಪೆಕ್ಟರಮ್ಮ ನೋಡಿದರು. ಠಾಣೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಆ ಹೆಸರಿನಿಂದಲೇ. ಮಾತು ಕಡಿಮೆ, ಕಿವಿ ದೊಡ್ಡದು ಎಂದು ದಫೇದಾರ ಹಿಂದಿನಿಂದ ಆಡಿಕೊಳ್ಳುತ್ತಿದ್ದ.

ದೂರು ಇಷ್ಟು: ಭಾನುವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಸಂಘದ ಮೈದಾನದಲ್ಲಿ ಕೇಪಿನ ಕೋವಿಯೊಂದು ಸಿಡಿದಿದೆ. ಹಾರಿಸಿದವನ ಎಡಗೈಯ ಎರಡು ಬೆರಳು ಹೋಗಿವೆ, ಬಲಗಣ್ಣು ಉಳಿಯುವುದು ಅನುಮಾನ. ಆ ಕೋವಿಗೆ ಈಡು ಗೊತ್ತುಮಾಡಿ ಕೊಟ್ಟವರು ಕೋವಿ ಮೇಸ್ತ್ರಿ. ಗಾಯಗೊಂಡವನು ಅವರ ಸ್ವಂತ ಅಳಿಯ.

"ಈಡು ಅಂದ್ರೆ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ಹಳೇ ಕೋವಿಗೆ ಈಗಿನ ಹಾಗೆ ಕಾರ್ಟ್ರಿಜ್ ತೋಟೆ ಇಲ್ಲ ಮೇಡಂ. ಎಲ್ಲ ಬಾಯಿಂದಲೇ ತುಂಬೋದು. ಮೊದಲು ಕರಿಮದ್ದು, ಮೇಲೆ ರಟ್ಟಿನ ಬಿಲ್ಲೆ, ಅದರ ಮೇಲೆ ಚರೆ, ಅಂದ್ರೆ ಸೀಸದ ಕಾಳು. ಎಷ್ಟು ಮದ್ದಿಗೆ ಎಷ್ಟು ಚರೆ ಅನ್ನೋದೇ ಈಡು. ಒಂದೊಂದು ಕೋವಿಗೆ ಒಂದೊಂದು. ಮೇಸ್ತ್ರಿಗಳು ಮೂವತ್ತು ವರ್ಷದಿಂದ ಅದನ್ನೆಲ್ಲ ಇದರಲ್ಲಿ ಬರೆದಿಟ್ಟಿದ್ದಾರೆ." ಅವನು ಪುಸ್ತಕದ ಕೊನೆಯ ಪುಟ ತೆರೆದ. "ಇಲ್ಲಿ ನೋಡಿ. ಕರಿಮದ್ದು ಬಿಟ್ಟು ತೋಟೆಯ ಮದ್ದು ಪ್ರಯೋಗ ಮಾಡಿದ್ದಾರೆ. ಅಳಿಯ ಇದನ್ನು ನೋಡಿಯೇ ತುಂಬಿದ್ದು. ಆ ಮದ್ದು ಇನ್ನೂ ಬಿರುಸು, ಹಳೇ ನಳಿಗೆ ತಡೆಯುತ್ತಾ? ವಯಸ್ಸಾಯ್ತು ಪಾಪ, ಬುದ್ಧಿ ಕೈಕೊಟ್ಟಿದೆ. ನನಗೂ ದೂರು ಕೊಡೋಕೆ ಮನಸ್ಸಿಲ್ಲ."

ಮನಸ್ಸಿಲ್ಲದ ದೂರು ಎರಡು ಪುಟ ತುಂಬಿತ್ತು. ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು.

ಹನ್ನೆರಡಕ್ಕೆ ಮೈದಾನದಲ್ಲಿ ಪಂಚನಾಮೆ. ಬಾಳೆಹೂವಿನಂತೆ ಅರಳಿಕೊಂಡ ನಳಿಗೆ, ಮದ್ದು ತುಂಬಿಡುವ ಕೊಂಬು, ಹಿತ್ತಾಳೆಯ ಎರಡು ಅಳತೆಗಳು: ಒಂದು ಮದ್ದಿಗೆ, ಒಂದು ಚರೆಗೆ. ಕೊಂಬಿನೊಳಗೆ ಉಳಿದಿದ್ದದ್ದು ತೋಟೆಯ ಮದ್ದೇ. ಪುಸ್ತಕ ಮತ್ತು ಕೊಂಬು ಶನಿವಾರ ಸಂಜೆಯಿಂದ ಸಂಘದ ಕಪಾಟಿನಲ್ಲಿದ್ದವು. ಬೀಗದ ಕೈ ಇಬ್ಬರ ಬಳಿ, ಒಂದು ಅಳಿಯನದು, ಒಂದು ಕಾರ್ಯದರ್ಶಿಯದು. ಕಾರ್ಯದರ್ಶಿಯ ಕೋಣೆಯಲ್ಲಿ ಕೂತು ದಫೇದಾರ ಎಲ್ಲವನ್ನೂ ಬರೆದುಕೊಂಡ. ಕುರ್ಚಿಯ ಹಿಂದಿನ ಗೋಡೆಯಲ್ಲಿ ಗಾಜು ಹಾಕಿಸಿದ ತೂತುತೂತು ಕಾಗದವೊಂದು ತೂಗುತ್ತಿತ್ತು, ಕೆಳಗೆ ಕೆಂಪು ಶಾಯಿಯಲ್ಲಿ ಏನೋ ಅಂಕಿ.

"ದೇವರ ಪಟ ಇರೋ ಜಾಗದಲ್ಲಿ ಜರಡಿ ನೇತುಹಾಕಿದ್ದಾನೆ," ಎಂದು ದಫೇದಾರ ಹೊರಗೆ ಬಂದ ಮೇಲೆ ಗೊಣಗಿದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಮೇಸ್ತ್ರಿಯ ಮಗಳು ಸಿಕ್ಕಳು. ಮೂರು ದಿನದಿಂದ ಬದಲಿಸದ ಸೀರೆ. ಗಂಡನ ಚಪ್ಪಲಿಯನ್ನು ಚೀಲದಲ್ಲಿ ಹಾಕಿ ಮಡಿಲಲ್ಲಿಟ್ಟುಕೊಂಡಿದ್ದಳು.

"ನಿಮ್ಮ ತಂದೆ ಬಂದಿದ್ರಾ?"

"ಬಂದಿದ್ರು. ಬಾಗಿಲಲ್ಲೇ ವಾಪಸ್ ಕಳಿಸ್ದೆ."

"ಯಾಕೆ?"

"ಆ ಪುಟ ನಾನೂ ಓದ್ದೆ ಮೇಡಂ. ಅಪ್ಪನ ಅಕ್ಷರ ನನಗೆ ಗೊತ್ತಿಲ್ವಾ? ಇಂಥ ಈಡನ್ನು ಅಳಿಯನ ಕೈಗೆ ಕೊಡೋ ಮುಂಚೆ ಒಂದು ಮಾತು ಹೇಳಬಾರದಿತ್ತಾ?" ಅವಳ ದನಿ ಮುರಿಯಲಿಲ್ಲ, ಅದೇ ಕೇಳಲಾಗಲಿಲ್ಲ. "ಅವರು ಜೈಲಿಗೆ ಹೋದ್ರೆ ಹೋಗಲಿ."

ಬುಧವಾರ ಬೆಳಿಗ್ಗೆ ಎಂಟಕ್ಕೆ ಇನ್‌ಸ್ಪೆಕ್ಟರಮ್ಮ ಮೇಸ್ತ್ರಿಯ ಕೆಲಸದ ಕೋಣೆಗೆ ಹೋದರು. ಎಣ್ಣೆ, ಮರದ ಪುಡಿ, ಗಂಧಕದ ವಾಸನೆ. ಪರವಾನಗಿಯನ್ನು ಮುದುಕ ಆಗಲೇ ಗೋಡೆಯಿಂದ ಇಳಿಸಿ ಮೇಜಿನ ಮೇಲಿಟ್ಟಿದ್ದರು.

"ತಗೊಂಡು ಹೋಗೋಕೆ ಬರ್ತೀರಿ ಅಂತ ಧೂಳು ಒರೆಸಿಟ್ಟೆ ತಾಯಿ."

"ಆ ಪುಟ ನೀವು ಬರೆದದ್ದಾ?"

"ಅಲ್ಲ."

"ಅಕ್ಷರ ನಿಮ್ಮದೇ ಅಂತಾರೆ."

"ಹೌದು, ನನ್ನದರ ಹಾಗೇ ಇದೆ. ನೋಡಿದಾಗ ನನಗೇ ಅನುಮಾನ ಬಂತು." ಮುದುಕ ನಕ್ಕರು, ನಗು ಅರ್ಧಕ್ಕೇ ನಿಂತಿತು. "ನನ್ನ ಮಗಳು ನಂಬಲಿಲ್ಲ ಅಂದ ಮೇಲೆ ನೀವ್ಯಾಕೆ ನಂಬಬೇಕು? ಬರೆದುಕೊಳ್ಳಿ, ಸಹಿ ಹಾಕ್ತೀನಿ."

"ಸಹಿ ಆಮೇಲೆ. ನೀವು ಈಡು ಹೇಗೆ ಗೊತ್ತುಮಾಡ್ತೀರಿ, ಮೊದಲಿಂದ ಹೇಳಿ."

ಯಾರೂ ಕೇಳದ ಪ್ರಶ್ನೆ. ಮುದುಕನ ಮಾತು ಕಟ್ಟೆಯೊಡೆದು ಹರಿಯಿತು. ಕಡಿಮೆ ಮದ್ದಿನಿಂದ ಶುರು. ಮೂವತ್ತು ಹೆಜ್ಜೆ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಒಂದು ಈಡು ಹಾರಿಸುವುದು. ಕಾಗದ ಬಿಚ್ಚಿ ತಂದು, ಪ್ರತಿ ತೂತಿಗೂ ಪೆನ್ಸಿಲಿನ ಮೊನೆ ಚುಚ್ಚುತ್ತಾ ಗಟ್ಟಿಯಾಗಿ ಎಣಿಸುವುದು. ಚುಚ್ಚದಿದ್ದರೆ ಒಂದೇ ತೂತನ್ನು ಎರಡು ಸಲ ಎಣಿಸುತ್ತೇವೆ. ಚರೆ ಒತ್ತಾಗಿ, ಸಮನಾಗಿ ಬಿದ್ದಿದ್ದರೆ ಆ ಈಡು ಪುಸ್ತಕಕ್ಕೆ, ಇಲ್ಲದಿದ್ದರೆ ನಳಿಗೆ ತೊಳೆದು ಮತ್ತೆ ಮೊದಲಿಂದ.

"ಮದ್ದು ಹೆಚ್ಚು ಹಾಕಿದ್ರೆ ಚೆನ್ನಾಗಿ ಬೀಳಲ್ವಾ?"

"ಎಲ್ಲರಿಗೂ ಹಾಗೇ ಅನ್ನಿಸೋದು. ಹೆಚ್ಚಾದ್ರೆ ಚರೆ ದಿಕ್ಕಾಪಾಲು. ಕೋವಿ ಗದರಿಸಿದ್ರೆ ಕೇಳಲ್ಲ ತಾಯಿ, ಒಪ್ಪಿಸಬೇಕು. ತೂತಿನ ಲೆಕ್ಕ ಇಲ್ಲದ ಪುಟ ನನ್ನ ಪುಸ್ತಕದಲ್ಲಿ ಒಂದೂ ಇಲ್ಲ."

"ಅತಿ ಹೆಚ್ಚು ಬಿದ್ದದ್ದು ಎಷ್ಟು?"

"ನೂರ ಹದಿನೆಂಟು. ಆ ಸಿಡಿದುಹೋದ ಕೋವಿಯಲ್ಲೇ." ಸತ್ತ ದನದ ಮೈ ಸವರುವವರಂತೆ ಅವರ ಕೈ ಖಾಲಿ ಮೇಜಿನ ಮೇಲೆ ಆಡಿತು.

ಇನ್‌ಸ್ಪೆಕ್ಟರಮ್ಮ ಠಾಣೆಗೆ ಬಂದವರೇ ಪುಸ್ತಕ ತೆಗೆದು ಕೊನೆಯ ಪುಟ ಓದಿದರು. 'ತೋಟೆಯ ಮದ್ದು. ಚರೆ ಒಂದು ಅಳತೆ. ಮೂವತ್ತು ಹೆಜ್ಜೆ. ೧೭೪ ತೂತು.' ಎರಡು ಸಲ ಓದಿದರು.

"ದಫೇದಾರ್ರೇ, ಆ ಚರೆಯ ಅಳತೆ ತನ್ನಿ. ಮೈದಾನದಲ್ಲಿ ಸಿಕ್ಕ ಚರೆಯನ್ನೂ ತನ್ನಿ. ಒಂದು ತಟ್ಟೆ."

"ಊಟದ ಹೊತ್ತು ಮೇಡಂ."

"ಇದನ್ನೇ ಬಡಿಸ್ಕೊಳ್ಳಿ. ಒಂದು ಅಳತೆಯಲ್ಲಿ ಎಷ್ಟು ಚರೆ ಹಿಡಿಯುತ್ತೆ, ಎಣಿಸಿ."

ಸಾಸಿವೆಗಿಂತ ಚೂರು ದಪ್ಪದ ಸೀಸದ ಕಾಳು. ದಫೇದಾರ ಮೀಸೆಯ ತುದಿ ಕಚ್ಚಿಕೊಂಡು ಎಣಿಸಿದ. ಅರ್ಧದಲ್ಲಿ ಟೆಲಿಫೋನು ರಿಂಗಣಿಸಿ ಲೆಕ್ಕ ತಪ್ಪಿತು. ಟೆಲಿಫೋನಿನ ಇಡೀ ವಂಶವನ್ನು ನೆನೆದು ಮತ್ತೆ ಶುರುಮಾಡಿದ. ಪಂಚರಿಬ್ಬರು ಎದುರಿಗೆ ಕೂತು ನೋಡಿದರು. ಮೊದಲ ಸಲ ನೂರ ನಲವತ್ತೊಂಬತ್ತು. ಎರಡನೆಯ ಸಲ ನೂರ ಐವತ್ತೊಂದು. ಮೂರನೆಯ ಸಲ ನೂರ ಐವತ್ತು.

"ತುಂಬಿದ್ದು ನೂರೈವತ್ತು," ಎಂದರು ಇನ್‌ಸ್ಪೆಕ್ಟರಮ್ಮ. "ಕಾಗದದಲ್ಲಿ ತೂತು ನೂರ ಎಪ್ಪತ್ನಾಲ್ಕು."

ದಫೇದಾರನ ಕೈಯಿಂದ ಚರೆ ತಟ್ಟೆಗೆ ಉದುರಿತು. "ಹಾಗಾದ್ರೆ ದಾರಿಯಲ್ಲಿ ಮರಿ ಹಾಕಿದ್ವಾ?"

"ಈ ಈಡನ್ನು ಯಾರೂ ಹಾರಿಸಿಯೇ ಇಲ್ಲ. ಮೇಸ್ತ್ರಿ ಆಗಿದ್ರೆ ಎಣಿಸದೆ ಬರೀತಿರಲಿಲ್ಲ. ಬರೆದವನಿಗೆ ಪುಟದ ಕೊನೆಗೆ ಒಂದು ಲೆಕ್ಕ ಇರಲೇಬೇಕು ಅಂತ ಗೊತ್ತಿತ್ತು, ಮನಸ್ಸಿಗೆ ಬಂದ ಅಂಕಿ ಹಾಕಿದ." ಅವರು ತಡೆದರು. "ಮನಸ್ಸಿಗೆ ಅದೇ ಅಂಕಿ ಯಾಕೆ ಬಂತು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ದಫೇದಾರನ ಮೀಸೆ ನಿಧಾನಕ್ಕೆ ಅಗಲವಾಯಿತು.

"ಜರಡಿ," ಎಂದ.

ಗುರುವಾರ ಶೋಧನಾ ವಾರಂಟ್ ಕೈಗೆ ಬಂತು. ಶುಕ್ರವಾರ, ಹದಿನೇಳನೇ ತಾರೀಖು, ಮಧ್ಯಾಹ್ನ ಮೂರಕ್ಕೆ ಜೀಪು ಸಂಘದ ಮುಂದೆ ನಿಂತಿತು. ಕಾರ್ಯದರ್ಶಿ ಎದ್ದು ನಿಂತು ಕುರ್ಚಿ ತೋರಿಸಿದ. ಇನ್‌ಸ್ಪೆಕ್ಟರಮ್ಮ ಕೂರಲಿಲ್ಲ, ಗೋಡೆಯ ಹತ್ತಿರ ಹೋದರು. ಗಾಜಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿತ್ತು: ೧೭೪.

"ಇದು ನಿಮ್ಮದಾ?"

"ಹೌದು ಮೇಡಂ. ತೋಟೆ ಕೋವಿಯಲ್ಲಿ. ಈ ಸಂಘದಲ್ಲಿ ಇನ್ನೂ ಯಾರೂ ಮುರಿದಿಲ್ಲ." ಅವನ ಎದೆ ತಾನಾಗಿ ಮುಂದೆ ಬಂತು.

"ತೋಟೆಯಲ್ಲಿ ಎಷ್ಟು ಚರೆ ಇರುತ್ತೆ?"

"ನೂರ ತೊಂಬತ್ತರ ಹತ್ತಿರ."

"ಮೇಸ್ತ್ರಿಗಳ ಅಳತೆಯಲ್ಲಿ?"

ಎಷ್ಟು ಎಂದು ಅವನಿಗೆ ಗೊತ್ತಿರಲಿಲ್ಲ. ತೂತು ಎಣಿಸಿದ್ದ, ಅಳತೆಯ ಕಾಳು ಎಣಿಸಿರಲಿಲ್ಲ. ಆದರೆ ಪ್ರಶ್ನೆ ಎಲ್ಲಿಗೆ ಬಂದು ನಿಂತಿದೆ ಎಂಬುದು ಗೊತ್ತಾಯಿತು. ಅವನ ಕಣ್ಣು ಗೋಡೆಯ ಕಡೆ ಹೋಗಿ, ಅಲ್ಲಿಂದ ನೆಲಕ್ಕಿಳಿಯಿತು.

ಮೇಜಿನ ಕೆಳಗಿನ ಖಾನೆಯಲ್ಲಿ, ಪಂದ್ಯದ ರಸೀದಿ ಪುಸ್ತಕಗಳ ಹಿಂದೆ, ಕತ್ತರಿಸಿದ ತೋಟೆಗಳು ಸಿಕ್ಕವು. ಚರೆ ಹಾಗೇ ಇತ್ತು, ಮದ್ದು ಮಾತ್ರ ಖಾಲಿ. ಮೇಸ್ತ್ರಿಯ ಅಕ್ಷರವನ್ನು ತಿದ್ದಿ ತಿದ್ದಿ ಕಲಿತ ನಾಲ್ಕು ಹಾಳೆಗಳೂ ಅಲ್ಲೇ. ಎಲ್ಲವನ್ನೂ ಪಂಚರ ಸಮಕ್ಷಮ ವಶಪಡಿಸಿಕೊಂಡರು. ನಾಲ್ಕು ಹತ್ತಕ್ಕೆ ಬಂಧನ.

ಅವನ ಹೇಳಿಕೆ ಚಿಕ್ಕದು. ಯೌವನದಲ್ಲಿ ಒಂಬತ್ತು ವರ್ಷ ಅವನು ಮೇಸ್ತ್ರಿಯ ಶಿಷ್ಯನಾಗಿದ್ದ. ಕಾಗದದ ಮುಂದೆ ಮಂಡಿಯೂರಿ ಪೆನ್ಸಿಲು ಚುಚ್ಚುತ್ತಾ ಎಣಿಕೆ ಕೂಗುತ್ತಿದ್ದವನು ಅವನು, ಬರೆಯುತ್ತಿದ್ದವರು ಗುರುಗಳು. ಆಮೇಲೆ ತೋಟೆ ಕೋವಿಯ ಕಡೆ ಹೋದ, ಹೆಸರು ಮಾಡಿದ. ಕಳೆದ ತಿಂಗಳು ಮೇಸ್ತ್ರಿ ಸಂಘದ ಎಲ್ಲರೆದುರು ಪುಸ್ತಕವನ್ನು ಅಳಿಯನ ಕೈಗೆ ಕೊಟ್ಟರು. "ನನ್ನ ಕಡೆ ಒಂದು ಸಲಾನೂ ತಿರುಗಿ ನೋಡಲಿಲ್ಲ," ಎಂದ. "ಕೋವಿ ಸೀಳುತ್ತೆ, ಪುಸ್ತಕದ ಮರ್ಯಾದೆ ಹೋಗುತ್ತೆ, ಅಷ್ಟೇ ಅಂದ್ಕೊಂಡೆ. ಕೈ ಹೋಗುತ್ತೆ ಅಂತ ಅಂದ್ಕೊಂಡಿರಲಿಲ್ಲ."

"ಎಣಿಸಿ ನೋಡಬೇಕಿತ್ತು," ಎಂದರು ಇನ್‌ಸ್ಪೆಕ್ಟರಮ್ಮ.

ಅದೇ ಸಂಜೆ ಐದೂಮುಕ್ಕಾಲಿಗೆ ಅವರು ಮೇಸ್ತ್ರಿಯನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮಗಳು ಬಾಗಿಲಲ್ಲಿ ನಿಂತಿದ್ದಳು. ದಫೇದಾರ ಮುಂದೆ ಹೋಗಿ ಅವಳಿಗೆ ನೂರೈವತ್ತರ ಕತೆಯನ್ನು ಟೆಲಿಫೋನಿನ ಸಮೇತ ಹೇಳಿದ. ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮುದುಕನ ಎರಡೂ ಕೈ ಹಿಡಿದು, "ಅಪ್ಪಾ, ನನ್ನ ಬಾಯಿ ಬಿದ್ದುಹೋಗ," ಎಂದಳು.

"ಬಿಡು ಕೂಸೇ," ಎಂದರು ಅವರು. "ಅಕ್ಷರ ನನ್ನದರ ಹಾಗೇ ಇತ್ತಲ್ಲ."

ಒಳಗಿನಿಂದ ಅಳಿಯ ಕೂಗಿದ: "ಮಾವ, ಕಣ್ಣು ಉಳೀತಂತೆ! ಈಗಷ್ಟೇ ಡಾಕ್ಟರು ಹೇಳಿದ್ರು!"

ನಾಲ್ಕು ತಿಂಗಳ ನಂತರ, ಒಂದು ಭಾನುವಾರ ಬೆಳಿಗ್ಗೆ, ಹಳೇ ಕೋವಿಗಳ ಪಂದ್ಯ. ನ್ಯಾಯಾಲಯದ ಅನುಮತಿಯಿಂದ ಪುಸ್ತಕ ಮನೆಗೆ ಮರಳಿತ್ತು. ಸಾಕ್ಷ್ಯವಾದ ಆ ಒಂದು ಪುಟ ಮಾತ್ರ ಕಡತದಲ್ಲಿ ಉಳಿದಿತ್ತು. ಮೇಸ್ತ್ರಿ ಬೇರೊಂದು ನಳಿಗೆಗೆ ಎರಡು ತಿಂಗಳು ಕೂತು ಹೊಸ ಈಡು ಗೊತ್ತುಮಾಡಿದ್ದರು. ಅಳಿಯ ಎಂಟು ಬೆರಳಿನಲ್ಲಿ ಮದ್ದು ಸುರಿದ, ಬಿಲ್ಲೆ ಜಡಿದ, ಚರೆ ತುಂಬಿದ. ಕೋವಿ ಗಂಟಲು ತುಂಬಿ ಗುಡುಗಿತು. ಬಿಳಿ ಹೊಗೆ ಮೈದಾನವನ್ನೆಲ್ಲ ಮುಚ್ಚಿತು. ಹೊಗೆಯೊಳಗಿಂದ ಅವನ ನಗು ಮೊದಲು ಬಂತು, ಅವನು ಆಮೇಲೆ.

ಮಗಳು ಮಂಡಿಯೂರಿ ಪೆನ್ಸಿಲು ಚುಚ್ಚುತ್ತಾ ಕೂಗಿದಳು. ನೂರು ದಾಟಿದ ಮೇಲೆ ಇಡೀ ಸಂಘ ಅವಳ ಜೊತೆ ಕೂಗಿತು. ನೂರ ಹದಿನೆಂಟಕ್ಕೆ ಎಲ್ಲರೂ ಕೂಗು ನಿಲ್ಲಿಸಿದರು. ಅವಳು ನಿಲ್ಲಿಸಲಿಲ್ಲ. ನೂರ ಹತ್ತೊಂಬತ್ತು, ನೂರ ಇಪ್ಪತ್ತು, ನೂರ ಇಪ್ಪತ್ತೊಂದು. ದಫೇದಾರ ಟೋಪಿ ಮೇಲಕ್ಕೆಸೆದ. ಅದು ಇನ್‌ಸ್ಪೆಕ್ಟರಮ್ಮನ ಕಾಲ ಬಳಿ ಬಿತ್ತು. ಅವರು ಅದನ್ನು ಎತ್ತಿ ಮತ್ತೆ ಎಸೆದರು.

ಮರುದಿನ ಹನ್ನೊಂದಕ್ಕೆ ಅವರು ದೋಷಾರೋಪ ಪಟ್ಟಿಯ ಪ್ರತಿ ಕೊಡಲು ಜೈಲಿಗೆ ಹೋದರು. ಕಾರ್ಯದರ್ಶಿ ಓದದೆ ಸಹಿ ಹಾಕಿದ. ಪೆನ್ನು ಹಿಂದಿರುಗಿಸುವಾಗ ತಲೆ ತಗ್ಗಿಸಿಯೇ ಕೇಳಿದ:

"ನಿನ್ನೆ ಎಷ್ಟು ಬಿತ್ತು ಮೇಡಂ?"

"ನೂರ ಇಪ್ಪತ್ತೊಂದು."

ಅವನ ತೋರುಬೆರಳು ಮೇಜಿನ ಮೇಲೆ ಇಲ್ಲದ ತೂತುಗಳನ್ನು ಒಂದೊಂದಾಗಿ ಚುಚ್ಚುತ್ತಿತ್ತು.

"ಒಳ್ಳೇ ಈಡು," ಎಂದ. "ಎಣಿಕೆ ಕೂಗಿದವರು ಯಾರು?"