ನಾಲ್ಕು ಗಂಟೆಯ ಹಳದಿ ದೀಪ

೨೦೨೫ರ ಮಾರ್ಚ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಐವತ್ತೈದು ನಿಮಿಷ. ಇಂಟರ್‌ನೆಟ್ ಕಂಪನಿಯ ತಂತ್ರಜ್ಞೆ ಬಾಗಿಲು ತಟ್ಟಿದಾಗ, ತೆರೆದವನು ಕೇಳಿದ ಮೊದಲ ಮಾತೇ, "ನಿಮ್ಮನ್ನ ಯಾರು ಕರೆದ್ರು?"

"ನಾನು ಕರೆದೆ!" ಮಹಡಿಯ ಮೆಟ್ಟಿಲ ಮೇಲಿಂದ ಒಂದು ಹೆಣ್ಣು ದನಿ ಉತ್ತರಿಸಿತು. ಮೇಲಿನ ಮನೆಯಲ್ಲಿ ಆನ್‌ಲೈನ್ ಗಣಿತ ಪಾಠ ಮಾಡುವ ಅವನ ಅಕ್ಕ. "ನಾಲ್ಕು ಗಂಟೆ ಆಯ್ತು ಅಂದ್ರೆ ನನ್ನ ನೆಟ್ ಸಾಯುತ್ತೆ. ಕ್ಲಾಸ್ ಮಧ್ಯೆ ಬಾಯಿ ತೆರ್ಕೊಂಡೇ ನಿಂತುಬಿಡ್ತೀನಿ. ಮಕ್ಕಳು ಅದನ್ನೇ ಫೋಟೋ ತೆಗೆದು ಹಂಚ್ಕೋತಾರೆ. ಇವನಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಒಳಗೆ ಬಿಡೋ ಅವರನ್ನ!"

ಅವನು ಒಳಗೆ ಬಿಟ್ಟ. ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟನೆಂದು ಅವನ ಬೆನ್ನೇ ಹೇಳುತ್ತಿತ್ತು.

ಅವನು ನಕ್ಷೆ ಬರೆಯುವವನು. ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ ಯಾವುದೋ ಬೆಟ್ಟದ ಎತ್ತರದ ಗೆರೆಗಳು ಬೆರಳಚ್ಚಿನಂತೆ ಸುತ್ತಿಕೊಂಡಿದ್ದವು. ಪಕ್ಕದಲ್ಲಿ ಇಂಟರ್‌ನೆಟ್ ಬಾಕ್ಸ್. ಅದರಿಂದ ಹೊರಟ ಮೂರು ಕೇಬಲ್‌ಗಳನ್ನು ಕಂಡು ತಂತ್ರಜ್ಞೆ ನಿಂತಲ್ಲೇ ನಿಂತಳು. ಮೂರನ್ನೂ ಸೇರಿಸಿ ಯಾರೋ ಜಡೆ ಹೆಣೆದಿದ್ದರು. ಒಂದು ಎಳೆಯೂ ಸಡಿಲವಿಲ್ಲದ, ಅಚ್ಚುಕಟ್ಟಾದ ಜಡೆ. ಅದು ಗೋಡೆಯುದ್ದಕ್ಕೂ ಸಾಗಿ, ಪಶ್ಚಿಮದ ಕಿಟಕಿಯ ಕಬ್ಬಿಣದ ಚೌಕಟ್ಟನ್ನು ಬಳಸಿ ಮಹಡಿಗೆ ಹತ್ತಿತ್ತು.

"ಯಾರು ಹೆಣೆದಿದ್ದು?"

"ನನ್ನ ಹೆಂಡತಿ."

"ಎಷ್ಟು ಚೆನ್ನಾಗಿದೆ!"

ಅವನು ಮೊದಲ ಬಾರಿ ಅವಳ ಮುಖ ನೋಡಿದ. ನೋಡಿದ್ದು ಒಂದು ಕ್ಷಣ, ಅಷ್ಟೇ. ಆದರೆ ಆ ನೋಟದಲ್ಲಿ ಬಾಗಿಲು ತೆರೆದಾಗಿದ್ದ ಬಿಗಿ ಇರಲಿಲ್ಲ.

ಮೇಜಿನ ಮೇಲೆ ಹಬೆಯಾಡುವ ಎರಡು ಲೋಟ ಕಾಫಿ ಇತ್ತು. ಬಿಸಿಲಲ್ಲಿ ಬಂದವಳಿಗೆ ಒಂದು ತನ್ನದೇ ಎನಿಸಿತು. "ಥ್ಯಾಂಕ್ಸ್" ಎಂದು ಎತ್ತಿಕೊಂಡು ಒಂದು ಗುಟುಕು ಕುಡಿದಳು. ಅವನ ಮುಖ ಬಿಳುಚಿಕೊಂಡಿತು.

"ಅಯ್ಯೋ, ಯಾರಾದ್ರೂ ಬರೋರಿದ್ರಾ?"

ಅವನು ಬಾಕ್ಸಿನ ಮೇಲೆ ಸಾಲಾಗಿದ್ದ ಹಸಿರು ದೀಪಗಳನ್ನೇ ನೋಡುತ್ತಿದ್ದ. ಒಂದು ದೀಪ ಮಿಟುಕಿತು, ಆರಿತು, ಮತ್ತೆ ಹತ್ತಿಕೊಂಡಾಗ ಹಳದಿಯಾಗಿತ್ತು.

"ಬಂದಳು," ಎಂದ ಅವನು, ಪಿಸುದನಿಯಲ್ಲಿ.

"ಹೋಯ್ತು!" ಎಂದು ಮಹಡಿಯಿಂದ ಅಕ್ಕ ಕಿರುಚಿದಳು.

ಸೆಕೆಯಲ್ಲೂ ತಂತ್ರಜ್ಞೆಯ ತೋಳಿನ ಕೂದಲು ನಿಮಿರಿತು. ಕೈಯಲ್ಲಿದ್ದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು.

ಹಿಂದಿರುಗುವಾಗ ಗೇಟಿನ ಬಳಿ ಅಕ್ಕ ಅಡ್ಡಗಟ್ಟಿ ವಿಷಯ ಹೇಳಿದಳು. ತಮ್ಮನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುತ್ತಿದ್ದಳು. ಕೆಲಸ ಮುಗಿಸಿ ಮನೆಗೆ ಬರುತ್ತಿದ್ದುದು ನಾಲ್ಕಕ್ಕೆ. ಎರಡು ವರ್ಷದ ಹಿಂದೆ ಜ್ವರ ಬಂತು, ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಆಮೇಲಿನ ಬೇಸಗೆಯಿಂದ ಈ ದೀಪದ ಕಾಟ.

"ಎಲ್ಲಾ ಆ ಜಡೆದೇ ಕಿತಾಪತಿ. ವೈರುಗಳು ಗಂಟಾದ್ರೆ ನೆಟ್ ನಿಧಾನ ಆಗಲ್ವೇನಮ್ಮ? ಬಿಚ್ಚೋಣ ಅಂದ್ರೆ ನಮ್ಮ ತಮ್ಮ ನಾಗರಹಾವಿನ ಥರ ಅದರ ಮುಂದೆ ಕೂರ್ತಾನೆ."

"ಇವತ್ತು ಕಾರಣ ಸಿಕ್ಕಿಲ್ಲ. ನಾಳೆ ಬರ್ತೀನಿ," ಎಂದಳು ಅವಳು. ಆಫೀಸಿನಲ್ಲಿ ಅವಳನ್ನು 'ಇಕ್ಕಳ' ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಹಿಡಿದದ್ದನ್ನು ಅವಳು ಬಿಡುತ್ತಿರಲಿಲ್ಲ.

ಮರುದಿನ ಆಕಾಶದ ತುಂಬ ಮೋಡ. ನಾಲ್ಕಾಯಿತು, ನಾಲ್ಕೂವರೆಯೂ ಆಯಿತು. ದೀಪ ಹಸಿರಾಗಿಯೇ ಉಳಿಯಿತು. ಅವನು ಖಾಲಿ ಕುರ್ಚಿಯ ಕಡೆ ನೋಡಿ ನಿಟ್ಟುಸಿರಿಟ್ಟ.

"ಇವತ್ತು ಮುನಿಸು," ಎಂದ. "ಮೋಡ ಇದ್ದ ದಿನ ಅವಳು ಬರಲ್ಲ. ನಾನೇನೋ ತಪ್ಪು ಮಾಡಿರ್ತೀನಿ. ನಗಬೇಡಿ. ನಾನೂ ವಿಜ್ಞಾನ ಓದಿದವನೇ."

ಅವಳು ನಗಲಿಲ್ಲ. ಅವಳ ಕಣ್ಣು ಆಗಲೇ ಕಿಟಕಿಯ ಚೌಕಟ್ಟಿಗೆ ಹೋಗಿತ್ತು. ಅಲ್ಲಿ ಜಡೆಯನ್ನು ಕಬ್ಬಿಣಕ್ಕೆ ಒತ್ತಿ ಹಿಡಿದಿದ್ದ ಒಂದು ಲೋಹದ ಕ್ಲಿಪ್ಪು, ಅಕ್ಕನ ಕೇಬಲ್‌ನ ಸಿಪ್ಪೆಯನ್ನು ಕಚ್ಚಿತ್ತು. ಪಶ್ಚಿಮದ ಬಿಸಿಲಿಗೆ ಕಬ್ಬಿಣ ಕಾದು ಹಿಗ್ಗುತ್ತದೆ, ಕ್ಲಿಪ್ಪು ಜಗ್ಗುತ್ತದೆ, ಒಳಗೆ ಮುರಿದ ತಾಮ್ರದ ಎಳೆ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಕೇಬಲ್ಲಿನೊಳಗಿನ ನಾಲ್ಕು ಜೋಡಿ ಎಳೆಗಳಲ್ಲಿ ಒಂದು ಜೋಡಿ ಕೆಲಸ ಬಿಟ್ಟರೆ ವೇಗ ಹತ್ತರಲ್ಲಿ ಒಂದು ಪಾಲಿಗೆ ಇಳಿದು ದೀಪ ಹಳದಿಯಾಗುತ್ತದೆ, ಇಳಿಯುವಾಗ ಸಂಪರ್ಕವೂ ತಪ್ಪುತ್ತದೆ. ಬಿಸಿಲಿಲ್ಲದ ದಿನ ಏನೂ ಆಗುವುದಿಲ್ಲ.

ಹೇಳಲು ಬಾಯಿ ತೆರೆದಳು. ಅವನು ಇನ್ನೂ ಆ ಕುರ್ಚಿಯನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿದಳು.

ಮುಂದಿನ ವಾರವಿಡೀ ಅವಳು ಏನಾದರೊಂದು ನೆಪ ಹೇಳಿ ಬಂದಳು. ಒಂದು ದಿನ ಬಾಕ್ಸ್ ಬದಲಿಸಿದಳು. ಇನ್ನೊಂದು ದಿನ ಬದಲಿಸಿದ ಬಾಕ್ಸನ್ನು ಪರೀಕ್ಷಿಸಿದಳು. ಅವನು ನಕ್ಷೆಯಲ್ಲಿ ಹೊಳೆಗಳನ್ನು ಹೇಗೆ ಗುರುತಿಸುತ್ತಾರೆಂದು ತೋರಿಸಿದ. ತೋರಿಸುವಾಗ ಅವನ ಮೊಣಕೈ ಅವಳ ಮೊಣಕೈಗೆ ತಾಗಿತು. ಇಬ್ಬರೂ ಗಮನಿಸದವರಂತೆ ಒಂದೇ ಹೊಳೆಯನ್ನು ಬಹಳ ಹೊತ್ತು ನೋಡಿದರು.

"ಈ ಊರು ನಿಜವಾಗ್ಲೂ ಇದೆಯಾ?"

"ಇದೆ. ದಾರಿ ಮಾತ್ರ ಸರಿಯಿಲ್ಲ."

"ದಾರಿ ಸರಿಮಾಡೋದೇ ನನ್ನ ಕೆಲಸ," ಎಂದಳು. ಅವನು ನಕ್ಕ. ಆ ಕೋಣೆಗೆ ನಗು ಹೊಸದು ಎಂಬಂತೆ, ನಕ್ಕ ಮೇಲೆ ಸುತ್ತ ಒಮ್ಮೆ ನೋಡಿಕೊಂಡ.

ಅಷ್ಟರಲ್ಲಿ ದೀಪ ಹಳದಿಯಾಯಿತು. ಅವನ ನಗು ಅಲ್ಲೇ ನಿಂತಿತು. ಅವಳಿಗೂ ಆ ದೀಪ ತನ್ನನ್ನೇ ನೋಡುತ್ತಿದೆ ಎನಿಸಿತು. ಕೋಪವಿಲ್ಲದ, ಆದರೆ ಎಲ್ಲವನ್ನೂ ಬಲ್ಲ ನೋಟ. ಕಾರಣ ಗೊತ್ತಿದ್ದವಳು ಅವಳು. ಆದರೂ ಖಾಲಿ ಕುರ್ಚಿಯ ಮೇಲೆ ಕೂರಲು ಅವಳಿಗೆ ಒಂದು ದಿನವೂ ಧೈರ್ಯ ಬರಲಿಲ್ಲ.

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಕೇಬಲ್ ಸರಿಮಾಡಿದರೆ ಅವನ ಹೆಂಡತಿಯನ್ನು ಎರಡನೆಯ ಸಲ ಕಿತ್ತುಕೊಂಡವಳಾಗುತ್ತೇನೆ. ಅವನು ಮತ್ತೆ ಮುಖ ನೋಡುವುದಿಲ್ಲ. ಸರಿಮಾಡದಿದ್ದರೆ ದಿನವೂ ಅವನ ಪಕ್ಕದಲ್ಲಿ ಕೂರಬಹುದು, ಒಂದು ಸುಳ್ಳನ್ನು ನಡುವೆ ಕೂರಿಸಿಕೊಂಡು.

ಮರುದಿನ, ದೀಪ ಹಳದಿಯಾದ ಮೇಲೆ, ಅವಳು ಒಂದು ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಹಿಂಡಿದಳು. ಏನೂ ಹೇಳದೆ ಕಿಟಕಿಯ ಕಾದ ಕಬ್ಬಿಣದ ಮೇಲೆ ಹೊದಿಸಿದಳು. ಸ್ವಲ್ಪ ಹೊತ್ತು ಕಳೆಯಿತು. ದೀಪ ಮಿಟುಕಿ ಹಸಿರಾಯಿತು.

ಅವನು ಎದ್ದು ನಿಂತ. ಅರ್ಥವಾಗಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ತೆಗೀರಿ ಅದನ್ನ."

"ಕೇಳಿ..."

"ಬಟ್ಟೆ ತೆಗೀರಿ!"

ತೆಗೆದಳು. ಕಬ್ಬಿಣ ಮತ್ತೆ ಕಾಯುವವರೆಗೆ ಇಬ್ಬರೂ ಕಾದರು. ಹಳದಿ ಬಂದಾಗ ಅವನ ಭುಜ ಕುಸಿಯಿತು.

"ನಿಮಗೆ ಯಾವಾಗಿಂದ ಗೊತ್ತು?"

"ಮೋಡ ಇದ್ದ ದಿನದಿಂದ."

"ಮತ್ತೆ ದಿನಾ ಯಾಕೆ ಬರ್ತಿದ್ರಿ?"

ಅವಳು ಟೂಲ್ ಬ್ಯಾಗಿನ ಜಿಪ್ಪನ್ನು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. "ನೀವು ಅವರನ್ನ ಕಾಯ್ತಿದ್ರಿ. ನಾನು ನಿಮ್ಮನ್ನ ನೋಡೋಕೆ ಬರ್ತಿದ್ದೆ."

ಅವನು ಕಿಟಕಿಯ ಕಡೆ ತಿರುಗಿಕೊಂಡ. "ಇವತ್ತು ಹೋಗಿ," ಎಂದ.

ಮೂರು ದಿನ ಅವನಿಂದ ಸುದ್ದಿಯಿಲ್ಲ. ಅಕ್ಕನೇ ಫೋನ್ ಮಾಡಿದಳು. "ಏನು ಮಾಡಿದ್ಯಮ್ಮ ನನ್ನ ತಮ್ಮನಿಗೆ? ದೀಪ ನೋಡೋದೇ ಬಿಟ್ಟಿದಾನೆ. ಈಗ ಗೇಟ್ ನೋಡ್ತಾ ಕೂರ್ತಾನೆ. ತಾನಾಗಿ ಫೋನ್ ಮಾಡೋ, ಗೂಬೆ, ಅಂದೆ. ನೀವೇ ಮಾಡಿ ಅಕ್ಕ ಅಂತಾನೆ. ಬಂದು ಒಂದನ್ನಾದ್ರೂ ರಿಪೇರಿ ಮಾಡು, ನನ್ನ ನೆಟ್ಟನ್ನೋ ಅವನನ್ನೋ."

ಮಾರನೆಯ ದಿನ ಮಧ್ಯಾಹ್ನವೇ ಅವಳು ಬಂದಳು. ಅವನು ಬಾಗಿಲಲ್ಲೇ ಇದ್ದ. ಕೇಳಿದ್ದು ಒಂದೇ ಪ್ರಶ್ನೆ.

"ಜಡೆ ಬಿಚ್ಚಬೇಕಾ?"

ಎರಡು ವರ್ಷ ಅವನು ಹೆದರಿದ್ದು ಇದಕ್ಕೇ ಎಂದು ಅವಳಿಗೆ ಆಗ ತಿಳಿಯಿತು.

"ಬೇಡ. ಕೇಬಲ್ ಸುತ್ತಿಕೊಂಡಿದ್ರೆ, ಹೆಣೆದಿದ್ರೆ ಸ್ಪೀಡ್ ಕಮ್ಮಿ ಆಗಲ್ಲ. ಮುರಿಯೋ ಹಾಗೆ ಮಡಚಿರಬಾರದು, ಅಷ್ಟೇ. ತೊಂದರೆ ಇರೋದು ಆ ಗಾಯದಲ್ಲಿ, ಜಡೆಯಲ್ಲಲ್ಲ. ಗಾಯದ ಜಾಗ ಒಂದು ಗೇಣೂ ಇಲ್ಲ. ಅಷ್ಟನ್ನೇ ಕತ್ತರಿಸಿ ಜೋಡಿಸ್ತೀನಿ. ಅವರು ಹೆಣೆದಿದ್ದು ಹಾಗೇ ಇರುತ್ತೆ."

ಅವನು ಕಣ್ಣು ಮುಚ್ಚಿದ. ತಲೆಯಾಡಿಸಿದ.

ಕತ್ತರಿಸಿದ ತುದಿಯನ್ನು ಅವನೇ ಹಿಡಿದುಕೊಂಡ. ಅವಳು ಸಿಪ್ಪೆ ಸುಲಿದು, ಎಂಟು ಬಣ್ಣದ ಎಳೆಗಳನ್ನು ಒಂದೊಂದಾಗಿ ನೇರ ಮಾಡಿದಳು. ಅವಳ ಕೆನ್ನೆಗೆ ಅವನ ಉಸಿರು ತಾಗುತ್ತಿತ್ತು.

"ಕೈ ನಡುಗಿಸಬೇಡಿ. ಕಿತ್ತಳೆ ಎಳೆ ಹಸಿರಿನ ಜಾಗಕ್ಕೆ ಹೋಗ್ಬಿಡುತ್ತೆ."

"ನಡುಗ್ತಿರೋದು ನನ್ನ ಕೈಯಲ್ಲ."

ಅವಳು ತನ್ನ ಬೆರಳು ನೋಡಿಕೊಂಡಳು. ಹೌದಲ್ಲ!

ಕೆಲಸ ಮುಗಿದಾಗ ಮೂರೂವರೆ. ಇಬ್ಬರೂ ನೆಲದ ಮೇಲೆ ಕೂತು ದೀಪ ನೋಡುತ್ತ ಕಾದರು. ಬಿಸಿಲು ಗೋಡೆ ಇಳಿದು ಕಿಟಕಿಗೆ ಬಂತು. ನಾಲ್ಕು ಹೊಡೆಯಿತು. ಹೊರಗೆ ಯಾರದೋ ಹೆಜ್ಜೆ ಸದ್ದು ಗೇಟಿನವರೆಗೆ ಬಂದು, ನಿಧಾನವಾಗಿ, ಮುಂದೆ ಹೋಯಿತು. ದೀಪ ಹಸಿರಾಗಿಯೇ ಇತ್ತು.

"ಬರಲಿಲ್ಲ," ಎಂದ ಅವನು. ಕಣ್ಣಲ್ಲಿ ನೀರಿತ್ತು. ದನಿಯಲ್ಲಿ ಕೋಪವಿರಲಿಲ್ಲ.

"ಇಲ್ಲ."

"ನೀವು? ಇನ್ನು ರಿಪೇರಿ ಏನೂ ಉಳಿದಿಲ್ಲವಲ್ಲ."

"ನಾನು ಮೋಡ ಇದ್ದ ದಿನವೂ ಬರ್ತೀನಿ."

ಅವನು ಅವಳ ಕೈ ಹಿಡಿದುಕೊಂಡ, ಕತ್ತಲಲ್ಲಿ ಗೋಡೆ ಹುಡುಕುವವನ ಹಾಗೆ, ಮೆಲ್ಲಗೆ. ಸಿಕ್ಕಿದ ಮೇಲೆ ಬಿಡಲಿಲ್ಲ. ಮಹಡಿಯಲ್ಲಿ ಅಕ್ಕ ತಡೆಯಿಲ್ಲದೆ ಯಾವುದೋ ಮಗುವಿಗೆ ಭಿನ್ನರಾಶಿ ಕಲಿಸುತ್ತಿದ್ದಳು.

ಇನ್ನೊಂದು ಕೈಯಿಂದ ಅವಳು ಟೆಸ್ಟರ್‌ನ ಗುಂಡಿ ಒತ್ತಿದಳು. ಆಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ಪೂರ್ತಿ ವೇಗ, ಸೆಕೆಂಡಿಗೆ ೯೪೧ ಮೆಗಾಬಿಟ್.